ಬೀಡಿ ಸೇದದ ನನಗೂ ಸಿಒಪಿಡಿ ಬಂತು: ಬೆಳಗಿನ ಕೆಮ್ಮಿನಿಂದ ಊದುವ ಪರೀಕ್ಷೆಯವರೆಗೆ

ದಾವಣಗೆರೆಯ ಹಳೇಪೇಟೆ ಕಡೆ ನಮ್ಮದೊಂದು ಸಣ್ಣ ಬೆಣ್ಣೆ ದೋಸೆ ಹೋಟೆಲಿದೆ. ಅಪ್ಪ ಶುರು ಮಾಡಿದ್ದು. ಕಾಲೇಜು ಮುಗಿದ ಮೇಲೆ ನಾನೇ ಒಲೆ ಮುಂದೆ ನಿಂತೆ. ಈಗ ನನಗೆ 51 ವರ್ಷ. ಬೆಣ್ಣೆ ದೋಸೆ ಅಂದರೆ ಕಟ್ಟಿಗೆ ಒಲೆ ಮೇಲೇ ಆಗಬೇಕು ಅನ್ನುವ ಗಿರಾಕಿಗಳು ನಮ್ಮಲ್ಲಿ ಜಾಸ್ತಿ. ಹಾಗಾಗಿ ಅಷ್ಟೂ ವರ್ಷ ಬೆಳಗ್ಗೆ ಐದಕ್ಕೆ ಒಲೆ ಹಚ್ಚಿ, ಹನ್ನೊಂದರವರೆಗೆ ಹಂಚಿನ ಮುಂದೆ ನಿಲ್ಲುತ್ತಿದ್ದೆ. ಸಂಜೆ ಮತ್ತೆ ಅಷ್ಟೇ. ಬೀಡಿ, ಸಿಗರೇಟು ಒಂದು ದಿನವೂ ಮುಟ್ಟಿದವನಲ್ಲ.

ಆದರೂ ಈಗ ನನ್ನ ಆಸ್ಪತ್ರೆ ಫೈಲಿನ ಮೇಲೆ ಸಿಒಪಿಡಿ ಅಂತ ಬರೆದಿದೆ. ಶ್ವಾಸನಾಳಗಳು ಕಿರಿದಾಗಿ, ಎಳೆದುಕೊಂಡ ಉಸಿರು ಸಲೀಸಾಗಿ ಹೊರಗೆ ಹೋಗದ ಕಾಯಿಲೆ ಅದು. ಒಮ್ಮೆ ಬಂದರೆ ಪೂರ್ತಿ ಹೋಗುವುದಿಲ್ಲ. ಬೇಗ ಗೊತ್ತಾದರೆ ಅದು ಬೆಳೆಯುವುದನ್ನು ನಿಧಾನ ಮಾಡಬಹುದು. ಆ ಒಂದು ಹೆಸರು ಫೈಲಿನ ಮೇಲೆ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಅಲೆದಾಟ ಆಯಿತು. ಎಲ್ಲೆಲ್ಲಿ ಹೋಗಬೇಕಾಯಿತು, ಏನೇನು ಕೇಳಿದರು, ಎಷ್ಟು ಖರ್ಚಾಯಿತು ಅನ್ನುವುದನ್ನು ಇನ್ನೂ ನೆನಪಿರುವಾಗಲೇ ಬರೆಯುತ್ತಿದ್ದೇನೆ. ಹೋಟೆಲು, ಮಂಡಕ್ಕಿ ಭಟ್ಟಿ, ಖಾನಾವಳಿ, ಮದುವೆ ಅಡುಗೆ ಅಂತ ಹೊಗೆ ನಡುವೆ ದುಡಿಯುವವರು ನಮ್ಮೂರಲ್ಲಿ ಎಷ್ಟೋ ಜನ ಇದ್ದಾರೆ. ಮುಖ್ಯವಾಗಿ ಅವರು ಓದಬೇಕು ಅಂತ ನನ್ನ ಆಸೆ.

ಮೊದಲು ಬಂದಿದ್ದು ಬೆಳಗಿನ ಕೆಮ್ಮು. ಎದ್ದ ಕೂಡಲೇ ಎರಡು ನಿಮಿಷ ಕೆಮ್ಮಿ, ಒಂದಿಷ್ಟು ಬಿಳಿ ಕಫ ಹೋದರೆ ಎದೆ ಹಗುರ. ಆಮೇಲೆ ಇಡೀ ದಿನ ಏನೂ ಇಲ್ಲ. ಹೊಗೆ ಮುಂದೆ ಇರೋರಿಗೆ ಇದೆಲ್ಲ ಇದ್ದದ್ದೇ ಅಂತ ಅಪ್ಪನ ಕಾಲದಿಂದಲೂ ಕೇಳಿದ್ದೆ. ಅಪ್ಪನೂ ಹೀಗೇ ಕೆಮ್ಮುತ್ತಿದ್ದರು. ವರ್ಷದಲ್ಲಿ ಮೂರು ತಿಂಗಳು ದಿನಾ ಕಫದ ಕೆಮ್ಮು ಇದ್ದು, ಅದು ಎರಡು ವರ್ಷ ಸತತವಾಗಿ ಬಂದರೆ ಅದೇ ಒಂದು ಕಾಯಿಲೆಯ ಲಕ್ಷಣ ಅಂತ ಡಾಕ್ಟರು ಹೇಳಿದ್ದು ಎಷ್ಟೋ ಆಮೇಲೆ.

ಎರಡನೆಯದು ಊದುಗೊಳವೆ. ಒಲೆ ಮಂಕಾದಾಗ ಕೊಳವೆ ಇಟ್ಟು ನಾಲ್ಕು ಸಲ ಜೋರಾಗಿ ಊದಿದರೆ ಉರಿ ಏಳಬೇಕು. ನಾನು ಊದಿದರೆ ಬೂದಿ ಹಾರುತ್ತಿತ್ತು, ಕೆಂಡ ಒಂಚೂರು ಕೆಂಪಾಗುತ್ತಿತ್ತು, ಉರಿ ಏಳುತ್ತಿರಲಿಲ್ಲ. ಉಸಿರು ಅರ್ಧಕ್ಕೇ ಮುಗಿದುಹೋಗುತ್ತಿತ್ತು. ಎರಡು ಸಲ ಊದಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಕಟ್ಟಿಗೆ ಹಸಿ ಇದೆ ಅಂತ ಕಟ್ಟಿಗೆಯವನಿಗೆ ಹೇಳಿಕಳಿಸಿದೆ. ಅದೇ ಒಲೆಯನ್ನು ಹೋಟೆಲಿನಲ್ಲಿ ಕೆಲಸಕ್ಕಿರುವ ಹುಡುಗ ಒಂದೇ ಉಸಿರಿಗೆ ಹೊತ್ತಿಸುತ್ತಿದ್ದ.

ಮೂರನೆಯದನ್ನು ಕಂಡುಹಿಡಿದವಳು ನನ್ನ ಹೆಂಡತಿ. ಭಾನುವಾರ ಸಂಜೆ ಇಬ್ಬರೂ ಕುಂದುವಾಡ ಕೆರೆ ಏರಿ ಮೇಲೆ ನಡೆಯೋಕೆ ಹೋಗುವುದು ರೂಢಿ. ಒಂದು ದಿನ ಅವಳೇ ಅಂದಳು: "ಏನ್ರೀ, ಮೊದ್ಲು ದಾರಿ ತುಂಬ ಮಾತಾಡ್ತಿದ್ರಿ. ಈಗ ಕುಂತಾಗ ಮಾತ್ರ ಮಾತಾಡ್ತೀರಿ." ಹೌದು, ನಡೆಯುತ್ತಾ ಮಾತಾಡಿದರೆ ಉಸಿರು ಸಾಲುತ್ತಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ನಡುವೆ ನಿಂತು ಮೊಬೈಲು ನೋಡುತ್ತಿದ್ದೆ. ಹಿಂದಿನಿಂದ ಬಂದ ವಯಸ್ಸಾದವರು ನನ್ನನ್ನು ದಾಟಿ ಹೋಗುತ್ತಿದ್ದರು.

ಈ ಕಾಯಿಲೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ ಇಲ್ಲಿದೆ. ಉಸಿರು ಒಂದೇ ದಿನ ಕಡಿಮೆ ಆಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಆಗುತ್ತದೆ, ನಾವೂ ಸ್ವಲ್ಪ ಸ್ವಲ್ಪವೇ ಹೊಂದಿಕೊಳ್ಳುತ್ತೇವೆ. ಹಿಟ್ಟಿನ ಪಾತ್ರೆ ಎತ್ತುವ ಕೆಲಸ ಹುಡುಗನಿಗೆ ಹೋಯಿತು. ಮಾರ್ಕೆಟ್ಟಿಗೆ ನಡೆದು ಹೋಗುತ್ತಿದ್ದವನು ಗಾಡಿ ತೆಗೆದೆ. ಅಟ್ಟದ ಮೇಲಿನ ಸಾಮಾನು ಕೆಳಗೇ ಇರಲಿ ಅಂದೆ. ಊದುಗೊಳವೆ ಬದಲು ಸಣ್ಣ ಬ್ಲೋವರ್ ತಂದೆ. ಒಂದೊಂದಕ್ಕೂ ಬೇರೆ ಬೇರೆ ಕಾರಣ ಇತ್ತು. ಎಲ್ಲ ಸೇರಿ ಒಂದೇ ಕಾರಣ ಅಂತ ಹೇಳುವವರು ಬೇಕಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಹೋದ ವರ್ಷ ಮಾಡುತ್ತಿದ್ದ ಕೆಲಸವನ್ನು ಈ ವರ್ಷ ಸುಮ್ನೆ ಬಿಟ್ಟುಬಿಟ್ಟಿದ್ದಾರಾ? ಅದನ್ನು ಕೇಳಿ ನೋಡಿ. "ದಮ್ಮು ಇದೆಯಾ" ಅಂತ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ.

ಆ ವರ್ಷ ನೆಗಡಿ ಬಂದರೆ ಎದೆಗೇ ಇಳಿಯುತ್ತಿತ್ತು. ಬೇರೆಯವರಿಗೆ ವಾರದಲ್ಲಿ ಹೋಗುವ ನೆಗಡಿ ನನಗೆ ತಿಂಗಳು ಹಿಡಿಯುತ್ತಿತ್ತು. ಕಫ ಹಳದಿ ಆಗುತ್ತಿತ್ತು. ರಾತ್ರಿ ಮಲಗಿದರೆ ಎದೆಯಲ್ಲಿ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಸದ್ದು. ದುಗ್ಗಮ್ಮನ ಜಾತ್ರೆ ಹೊತ್ತಿಗೆ ಹೋಟೆಲಿನಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಹಗಲು ರಾತ್ರಿ ಒಲೆ ಉರಿಯುತ್ತದೆ. ಜಾತ್ರೆ ಮುಗಿದ ಮೇಲೆ ಹಿಡಿದ ಕೆಮ್ಮು ಯುಗಾದಿ ಕಳೆದರೂ ಬಿಡಲಿಲ್ಲ.

ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಆಂಟಿಬಯಾಟಿಕ್, ಕೆಮ್ಮಿನ ಸಿರಪ್ಪು, ಒಂದು ಇಂಜೆಕ್ಷನ್. ನಾಲ್ಕು ದಿನ ಆರಾಮ, ಮತ್ತೆ ಅದೇ ಕಥೆ. ಮತ್ತೆ ಹೋದರೆ ಧೂಳಿನ ಅಲರ್ಜಿ ಅಂದರು, ಒಂದು ಪಫ್, ಅಂದರೆ ಒತ್ತಿ ಬಾಯಿಂದ ಎಳೆದುಕೊಳ್ಳುವ ಔಷಧ, ಬರೆದುಕೊಟ್ಟರು. ಹೇಗೆ ಎಳೆದುಕೊಳ್ಳಬೇಕು ಅಂತ ಅಲ್ಲೂ ಹೇಳಲಿಲ್ಲ, ಮೆಡಿಕಲ್ ಅಂಗಡಿಯಲ್ಲೂ ಹೇಳಲಿಲ್ಲ. ಒಂದು ಸಲವೂ "ನಿಮ್ಮ ಕೆಲಸ ಏನು" ಅನ್ನುವ ಪ್ರಶ್ನೆ ಬರಲಿಲ್ಲ. ಬೀಡಿ ಸೇದ್ತೀರಾ ಅಂತ ಕೇಳಿದರು, ಇಲ್ಲ ಅಂದೆ, ಅಲ್ಲಿಗೆ ವಿಚಾರಣೆ ಮುಗಿಯಿತು. ನನಗೆ ಇವತ್ತಿಗೂ ಬೇಸರ ಇರುವುದು ಇದೊಂದಕ್ಕೇ. ಹೊಗೆ ಯಾವುದಾದರೇನು? ಕಟ್ಟಿಗೆ, ಕುಳ್ಳು, ಹೊಟ್ಟು, ಮೆಕ್ಕೆಜೋಳದ ಬೆಂಡು, ಯಾವುದು ಉರಿದರೂ ಹೊಗೆ ಎದೆಗೇ ಹೋಗುತ್ತದೆ. ಡಾಕ್ಟರು ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳಿ: ಇಷ್ಟು ವರ್ಷ, ದಿನಕ್ಕೆ ಇಷ್ಟು ತಾಸು, ಇಂಥ ಹೊಗೆ ಮುಂದೆ ಇದ್ದೇನೆ ಅಂತ.

ಮುಂದಿನ ಹೆಜ್ಜೆ ಎಕ್ಸ್-ರೇ. 400 ರೂಪಾಯಿ ಆಯಿತು. "ಕ್ಲಿಯರ್ ಐತ್ರಿ, ಏನೂ ಇಲ್ಲ" ಅಂದರು. ಮನೆಯಲ್ಲೆಲ್ಲ ಸಮಾಧಾನ. ಹೆಂಡತಿ ದೇವರಿಗೆ ಕಾಯಿ ಒಡೆಸಿ ಬಂದಳು. ಆದರೆ ಸಿಒಪಿಡಿ ಶುರುವಿನಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದೆ ಇರಬಹುದು. ಕ್ಷಯ, ನ್ಯುಮೋನಿಯಾ, ಗಡ್ಡೆ ಥರದ್ದು ಇದೆಯಾ ಅಂತ ನೋಡೋಕೆ ಎಕ್ಸ್-ರೇ ಬೇಕೇ ಬೇಕು. ಉಸಿರು ಎಷ್ಟು ವೇಗವಾಗಿ ಹೊರಗೆ ಬರುತ್ತಿದೆ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರೂ ಹಾಗೇ. ನನ್ನದು 96 ತೋರಿಸುತ್ತಿತ್ತು. ಅದನ್ನು ನೋಡಿ ಧೈರ್ಯ ತಂದುಕೊಂಡು ಕೂತರೆ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಇದಾದ ಮೇಲೆ ನೆಂಟರ ಮದುವೆಗೆ ಚಿತ್ರದುರ್ಗಕ್ಕೆ ಹೋಗಿದ್ದೆವು. ಮಾರನೇ ದಿನ ಹುಡುಗರೆಲ್ಲ ಕೋಟೆ ನೋಡಬೇಕು ಅಂತ ಹೊರಟರು. ಮುಂಚೆ ಏಕನಾಥೇಶ್ವರಿ ಗುಡಿವರೆಗೆ ಒಂದೇ ಓಟದಲ್ಲಿ ಹತ್ತಿದವನು ನಾನು. ಈ ಸಲ ಎರಡನೇ ಬಾಗಿಲು ದಾಟುವಷ್ಟರಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಎದೆ ತುಂಬಿಕೊಂಡೇ ಇತ್ತು. ಕಡ್ಲೆಕಾಯಿ ಮಾರುವ ಅಜ್ಜಿ ನೀರು ಕೊಟ್ಟು, "ತಮ್ಮಾ, ತುಟಿ ಸಣ್ಣಗೆ ಮಾಡ್ಕಂಡು ನಿಧಾನಕ್ಕೆ ಉಸಿರು ಬಿಡು" ಅಂದರು. ಹಾಗೆ ಮಾಡಿದ ಮೇಲೆ ನಿಜವಾಗಿಯೂ ಹಗುರಾಯಿತು. ಆಸ್ಪತ್ರೆಯಲ್ಲೂ ಆಮೇಲೆ ಇದೇ ವ್ಯಾಯಾಮ ಹೇಳಿಕೊಟ್ಟರು: ಮೂಗಿನಿಂದ ಎಳೆದುಕೊಂಡು, ಶಿಳ್ಳೆ ಹೊಡೆಯುವ ಹಾಗೆ ತುಟಿ ಮಾಡಿ, ಎಳೆದುಕೊಂಡದ್ದಕ್ಕಿಂತ ಎರಡು ಪಟ್ಟು ಹೊತ್ತು ನಿಧಾನವಾಗಿ ಬಿಡುವುದು.

ದಾವಣಗೆರೆಗೆ ವಾಪಸ್ ಬಂದ ಮೇಲೆ ಮಗಳು ಬಿಡಲಿಲ್ಲ. ಎದೆರೋಗ ತಜ್ಞರನ್ನೇ ನೋಡಬೇಕು ಅಂತ ಪಟ್ಟು ಹಿಡಿದಳು. ನಮ್ಮೂರಲ್ಲಿ ಮೆಡಿಕಲ್ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆ ಇದೆ, ಖಾಸಗಿಯವರೂ ಇದ್ದಾರೆ. ಸುತ್ತಮುತ್ತಲ ಹಳ್ಳಿಯವರಿಗೆ ಒಂದು ಮಾತು: ದೊಡ್ಡ ಆಸ್ಪತ್ರೆಗೆ ಬರುವುದಾದರೆ ಎದೆರೋಗ ವಿಭಾಗದ ಹೊರರೋಗಿ ದಿನ ಯಾವುದು, ಊದುವ ಪರೀಕ್ಷೆ ಯಾವ ದಿನ ಮಾಡುತ್ತಾರೆ ಅಂತ ಫೋನಿನಲ್ಲಿ ಕೇಳಿಕೊಂಡು ಬಸ್ಸು ಹತ್ತಿ. ಎರಡೂ ಒಂದೇ ದಿನ ಇರುತ್ತದೆ ಅಂತ ಹೇಳೋಕಾಗಲ್ಲ.

ಚೀಟಿ ಮಾಡಿಸೋಕೆ ಬೆಳಗ್ಗೆ ಎಂಟಕ್ಕೇ ಸಾಲು. ನಮ್ಮ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಆದರೆ ಒಳಗೆ ಕೂತಿದ್ದ ಡಾಕ್ಟರಮ್ಮ ಅವಸರ ಮಾಡಲಿಲ್ಲ. ಮೊದಲು ಕೇಳಿದ್ದೇ "ಏನ್ ಕೆಲಸ ಮಾಡ್ತೀರಿ?" ಆಮೇಲೆ ಒಂದೊಂದೇ ಪ್ರಶ್ನೆ. ಜೋರಾಗಿ ನಡೆದಾಗ, ಏರು ಹತ್ತುವಾಗ ಮಾತ್ರ ದಮ್ಮು ಹತ್ತುತ್ತಾ? ಸಮನಾದ ದಾರಿಯಲ್ಲೂ ನಿಮ್ಮ ವಯಸ್ಸಿನವರಿಗಿಂತ ಹಿಂದೆ ಬೀಳ್ತೀರಾ? ನೂರು ಮೀಟರ್ ನಡೆದು ನಿಲ್ಲಬೇಕಾ? ಬಟ್ಟೆ ಹಾಕಿಕೊಳ್ಳುವಾಗಲೂ ಏದುಸಿರು ಬರುತ್ತಾ? ಇದು ಒಂದು ಅಳತೆಯಂತೆ, ಸೊನ್ನೆಯಿಂದ ನಾಲ್ಕರವರೆಗೆ. ನನ್ನದು ಎರಡು. ಅಂದರೆ ಜೊತೆಯವರಿಗಿಂತ ಹಿಂದೆ ಬೀಳುವವನು. ಮನೆಯಲ್ಲೇ ಈ ಪ್ರಶ್ನೆಗಳನ್ನು ನಿಮಗೆ ನೀವು ಕೇಳಿಕೊಂಡು ಉತ್ತರ ಬರೆದುಕೊಂಡು ಹೋದರೆ ಅಲ್ಲಿ ತಡವರಿಸುವುದು ತಪ್ಪುತ್ತದೆ.

ಅವರು ಬರೆದ ಪರೀಕ್ಷೆಗಳಲ್ಲಿ ಮೊದಲನೆಯದು ಕಫ. ಎರಡು ವಾರ ಮೀರಿದ ಕೆಮ್ಮು ಯಾರಿಗೇ ಇರಲಿ, ಕ್ಷಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ದುಡ್ಡಿಲ್ಲ. ಕ್ಷಯ ಅನ್ನುವ ಮಾತು ಕಿವಿಗೆ ಬಿದ್ದಾಗ ಕೈಕಾಲು ತಣ್ಣಗಾಯಿತು. ಹೋಟೆಲು ನಡೆಸುವವನಿಗೆ ಆ ಹೆಸರು ಅಂಟಿದರೆ ಏನು ಗತಿ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೊದಲ ಸಲ ಕೊಟ್ಟ ಕಫ ವಾಪಸ್ ಬಂತು. ಅದರಲ್ಲಿ ಬರೀ ಎಂಜಲು ಇತ್ತು. ಬೆಳಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಎರಡು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫವೇ ಬೇಕು. ಡಬ್ಬಿಯನ್ನು ಅವರೇ ಕೊಡುತ್ತಾರೆ. ಬಯಲಲ್ಲಿ ನಿಂತು ತೆಗೆಯಿರಿ, ಮನೆಯವರ ಹತ್ತಿರ ಬೇಡ. ಎರಡನೇ ಸಲದ್ದು ಸರಿಹೋಯಿತು. ಕ್ಷಯ ಇಲ್ಲ ಅಂತ ಬಂತು.

ಇಸಿಜಿ, ಎಕೋ ಎರಡೂ ಮಾಡಿಸಿದರು, ಹೃದಯದ ತೊಂದರೆಯಿಂದಲೂ ದಮ್ಮು ಬರುತ್ತದೆ ಅಂತ. ರಕ್ತ ಕಡಿಮೆ ಇದೆಯಾ ಅಂತಲೂ ನೋಡಿದರು. ಎಲ್ಲ ಸರಿ ಇತ್ತು. ಎಕೋಗೇ 1500 ಹೋಯಿತು. ಅದನ್ನು ಬಿಡೋಣ ಅಂತ ಮನಸ್ಸು ಹೇಳುತ್ತಿತ್ತು, ಈಗ ಮಾಡಿಸಿದ್ದು ಒಳ್ಳೆಯದೇ ಆಯಿತು ಅನಿಸುತ್ತದೆ.

ಇನ್ನು ಊದುವ ಪರೀಕ್ಷೆ. ಸ್ಪೈರೋಮೆಟ್ರಿ ಅಂತಾರೆ. ಸಿಒಪಿಡಿ ಇದೆಯೋ ಇಲ್ಲವೋ ಹೇಳುವುದು ಇದೇ. ಇದಕ್ಕೆ ವಾರಗಟ್ಟಲೆ ಆಚೆಯ ದಿನ ಕೊಟ್ಟರು. ಆ ದಿನ ಬೆಳಗ್ಗೆ ಎದೆ ಬಿಗಿ ಅನಿಸಿತು ಅಂತ ಕ್ಲಿನಿಕ್ಕಿನವರು ಕೊಟ್ಟಿದ್ದ ಪಫ್ ಎಳೆದುಕೊಂಡೇ ಹೋದೆ. ಅಲ್ಲಿ ಮೊದಲ ಪ್ರಶ್ನೆಯೇ ಅದು. ಔಷಧ ಎಳೆದುಕೊಂಡಿದ್ದರೆ ನಿಜವಾದ ಅಳತೆ ಬರಲ್ಲ ಅಂತ ಬೇರೆ ದಿನ ಕೊಟ್ಟು ಕಳಿಸಿದರು. ಚೀಟಿ ಬರೆಯುವಾಗ ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಪಕ್ಕ ಹರಿಹರದಿಂದ ಬಂದಿದ್ದ ಹಿರಿಯರೊಬ್ಬರು ಕೂತಿದ್ದರು. ಕಣ್ಣಿನ ಪೊರೆ ಆಪರೇಷನ್ ಆಗಿ ಇನ್ನೂ ಕೆಲವೇ ದಿನ. ಅವರನ್ನೂ ವಾಪಸ್ ಕಳಿಸಿದರು. ಜೋರಾಗಿ ಊದಿದರೆ ಕಣ್ಣಿಗೆ ಒತ್ತಡ ಬೀಳುತ್ತದಂತೆ. ಪಾಪ, ಅವರು ಬೆಳಗ್ಗೆ ತಿಂಡಿ ಕೂಡ ಮಾಡಿರಲಿಲ್ಲ.

ಹಾಗಾಗಿ ಹೋಗುವ ಮೊದಲೇ ಇವನ್ನು ಕೇಳಿಕೊಳ್ಳಿ. ಯಾವ ಪಫ್ ಅನ್ನು ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕು? ಕೆಲವಕ್ಕೆ ನಾಲ್ಕಾರು ತಾಸು ಸಾಕು, ಕೆಲವಕ್ಕೆ ಒಂದೆರಡು ದಿನ ಬೇಕು. ಡಾಕ್ಟರು ಹೇಳದೆ ನೀವಾಗಿ ನಿಲ್ಲಿಸಬೇಡಿ. ದಮ್ಮು ಜೋರಾದರೆ ಪರೀಕ್ಷೆ ತಪ್ಪಿದರೂ ಪರವಾಗಿಲ್ಲ, ಔಷಧ ತಗೊಳ್ಳಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಕಣ್ಣು, ಎದೆ, ಹೊಟ್ಟೆ, ತಲೆಯ ಆಪರೇಷನ್ ಆಗಿದ್ದರೆ, ಕಫದಲ್ಲಿ ರಕ್ತ ಬರುತ್ತಿದ್ದರೆ ದಿನ ತೆಗೆದುಕೊಳ್ಳುವಾಗಲೇ ಹೇಳಿ. ಹೊಟ್ಟೆ ತುಂಬ ಊಟ ಮಾಡಿ ಹೋಗಬೇಡಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಕಿಲ್ಲ. ಸಡಿಲ ಬಟ್ಟೆ ಹಾಕಿಕೊಳ್ಳಿ. ಎತ್ತರ, ವಯಸ್ಸು ಸರಿಯಾಗಿ ಬರೆಸಿ, ಯಾಕಂದರೆ ಅದರ ಮೇಲೇ ಲೆಕ್ಕ ಹಾಕುತ್ತಾರೆ. ನನ್ನ ಚೀಟಿಯಲ್ಲಿ ವಯಸ್ಸು ತಪ್ಪಾಗಿತ್ತು, ಮಗಳು ನೋಡಿ ತಿದ್ದಿಸಿದಳು.

ಪರೀಕ್ಷೆ ನೋಡೋಕೆ ಸುಲಭ. ಕುರ್ಚಿ ಮೇಲೆ ನೆಟ್ಟಗೆ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಡುತ್ತಾರೆ. ಕೊಳವೆಗೆ ಹಲ್ಲು ತಾಗಿಸಿ, ಅದರ ಸುತ್ತ ತುಟಿ ಬಿಗಿಯಾಗಿ ಮುಚ್ಚಬೇಕು. ಎದೆ ತುಂಬ ಉಸಿರೆಳೆದು ಒಮ್ಮೆಲೇ ಜೋರಾಗಿ ಊದಬೇಕು. ಊದಿ, ಊದಿ, ಒಳಗೆ ಏನೂ ಉಳಿದಿಲ್ಲ ಅನ್ನುವವರೆಗೂ ಊದುತ್ತಲೇ ಇರಬೇಕು. ಟೆಕ್ನಿಷಿಯನ್ ಹುಡುಗ ಪಕ್ಕದಲ್ಲಿ ನಿಂತು ಕಬಡ್ಡಿ ಆಟದಲ್ಲಿ ಕೂಗುವವರ ಹಾಗೆ ಕೂಗುತ್ತಿದ್ದ: "ಊದ್ರಿ ಊದ್ರಿ ಊದ್ರಿ, ಬಿಡಬ್ಯಾಡ್ರಿ, ಇನ್ನೂ ಐತಿ, ಇನ್ನೂ ಐತಿ!" ಆರು ಸೆಕೆಂಡು ಅಂದರೆ ಇಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಕಣ್ಣು ಕತ್ತಲೆ ಬಂತು, ನಡುವೆ ಕೆಮ್ಮು ಬಂತು. ಕೆಮ್ಮಿದರೆ ಆ ಊದು ಲೆಕ್ಕಕ್ಕಿಲ್ಲ. ಕನಿಷ್ಠ ಮೂರು ಸಲ ಸರಿಯಾಗಿ ಬರಬೇಕು, ಅವು ಒಂದಕ್ಕೊಂದು ಹೊಂದಬೇಕು. ಅದು ಆದ ಮೇಲೆ ಶ್ವಾಸನಾಳ ಅಗಲ ಮಾಡುವ ಔಷಧ ಎಳೆಸಿ, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸಿದರು. ಔಷಧದ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ನೋಡೋಕೆ. ಆಸ್ತಮಾ ಆದರೆ ಸಾಮಾನ್ಯವಾಗಿ ಔಷಧದ ಮೇಲೆ ಅಳತೆ ಚೆನ್ನಾಗಿ ಏರುತ್ತದೆ. ಸಿಒಪಿಡಿಯಲ್ಲಿ ಅಡಚಣೆ ಹಾಗೇ ಉಳಿಯುತ್ತದೆ. ನಿಮಗೆ ಔಷಧ ಕೊಟ್ಟು ಎರಡನೇ ಸಲ ಊದಿಸದೆ ಕಳಿಸಿದರೆ, ಯಾಕೆ ಅಂತ ಕೇಳಿ. ನನಗೆ ಈ ಪರೀಕ್ಷೆಗೆ 900 ರೂಪಾಯಿ ಆಯಿತು.

ರಿಪೋರ್ಟಿನ ತುಂಬ ಅಂಕಿಗಳು. ನೋಡಬೇಕಾದ್ದು ಎರಡೇ. ಒಂದು, ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಎಷ್ಟು ಭಾಗ ಹೊರಗೆ ಬಂತು ಅನ್ನುವುದು. ಔಷಧ ಎಳೆಸಿದ ಮೇಲೂ ಅದು 0.70ಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳದಲ್ಲಿ ಅಡಚಣೆ ಇದೆ ಅಂತ ಅರ್ಥ. ನನ್ನದು 0.61. ಎರಡು, ಆ ಮೊದಲ ಸೆಕೆಂಡಿನ ಗಾಳಿ ನನ್ನ ವಯಸ್ಸು, ಎತ್ತರದವರಿಗೆ ಇರಬೇಕಾದ್ದರಲ್ಲಿ ನೂರಕ್ಕೆ ಎಷ್ಟು ಅನ್ನುವುದು. 80 ಅಥವಾ ಮೇಲಿದ್ದರೆ ಸೌಮ್ಯ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, ಅದಕ್ಕಿಂತ ಕೆಳಗಿದ್ದರೆ ಅತಿ ತೀವ್ರ. ನನ್ನದು 64. ಊದಿದ ಗೆರೆಯ ಚಿತ್ರವನ್ನೂ ಡಾಕ್ಟರಮ್ಮ ತೋರಿಸಿದರು. ಸರಿ ಇದ್ದವರ ಗೆರೆ ತುದಿಯಿಂದ ನೇರವಾಗಿ ಇಳಿಯುತ್ತದೆ. ನನ್ನದು ತುದಿಯಿಂದ ಗಬಕ್ಕನೆ ಬಿದ್ದು, ಒಳಕ್ಕೆ ಬಾಗಿ, ಆಮೇಲೆ ಎಳೆದುಕೊಂಡು ಎಳೆದುಕೊಂಡು ಮುಗಿದಿತ್ತು.

"ಹೋಗ್ತದೇನ್ರಿ ಇದು?" ಅಂತ ಹೆಂಡತಿ ಕೇಳಿದಳು. "ಹೋಗಿದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೊಬೋದು" ಅಂದರು. ಹೊರಗೆ ಬಂದು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ಬಂದಿದ್ದು ಸಿಟ್ಟು. ಒಂದು ಬೀಡಿ ಸೇದಿಲ್ಲ, ದುಡಿದಿದ್ದಷ್ಟೇ. ಜೊತೆಗೆ ಒಂದು ಥರದ ನಿರಾಳವೂ ಇತ್ತು, ಕೊನೆಗೂ ಹೆಸರು ಸಿಕ್ಕಿತು ಅಂತ. ಅಪ್ಪನ ಕೆಮ್ಮು ನೆನಪಾಯಿತು. ಅವರಿಗೆ ಯಾರೂ ಊದಿಸಿ ನೋಡಲಿಲ್ಲ.

ಔಷಧದ ಮಾತು. ದಿನಕ್ಕೆ ಒಂದು ಸಲ ಎಳೆದುಕೊಳ್ಳುವ ಕ್ಯಾಪ್ಸೂಲ್, ದಮ್ಮು ಹತ್ತಿದಾಗ ಮಾತ್ರ ಬಳಸುವ ಪಫ್. ಇನ್ಹೇಲರ್ ಅಂದ ಕೂಡಲೇ ನೆಂಟರಿಷ್ಟರು ಶುರು ಮಾಡಿದರು: ಅಭ್ಯಾಸ ಆಗಿಬಿಡುತ್ತೆ, ಕೊನೇ ಔಷಧ ಅದು, ಮಾತ್ರೆ ಕೇಳು. ಡಾಕ್ಟರಮ್ಮನ ಹತ್ತಿರ ನೇರವಾಗಿಯೇ ಕೇಳಿದೆ. ಅಂಥ ಚಟ ಹತ್ತುವ ಔಷಧ ಇದಲ್ಲ, ಮಾತ್ರೆ ಇಡೀ ಮೈಗೆ ಹೋಗುತ್ತದೆ, ಇದು ಬೇಕಾದ ಜಾಗಕ್ಕೇ ಕಡಿಮೆ ಪ್ರಮಾಣದಲ್ಲಿ ಹೋಗುತ್ತದೆ ಅಂತ ಬಿಡಿಸಿ ಹೇಳಿದರು. ನನ್ನ ಅನುಭವವೂ ಅದೇ. ಎರಡು ವಾರದಲ್ಲಿ ರಾತ್ರಿಯ ಸಿಳ್ಳೆ ನಿಂತಿತು.

ಆದರೆ ಎಳೆದುಕೊಳ್ಳುವ ರೀತಿ ಸರಿ ಇರಬೇಕು. ಅಲ್ಲಿನ ಸಿಸ್ಟರ್ ನನ್ನ ಕೈಯಲ್ಲೇ ಮಾಡಿಸಿ ನೋಡಿದರು. ಕ್ಯಾಪ್ಸೂಲ್ ಯಂತ್ರದಲ್ಲಿ ಹಾಕಿ ತಿರುಗಿಸಿ, ಮೊದಲು ಉಸಿರನ್ನು ಹೊರಗೆ ಬಿಡಬೇಕು, ಯಂತ್ರದೊಳಕ್ಕೆ ಬಿಡಬಾರದು. ಆಮೇಲೆ ಬಾಯಿಗಿಟ್ಟು ಜೋರಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ತೆರೆದು ನೋಡಿದಾಗ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಬೇಕು. ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ ಅಂತ ಸಿಸ್ಟರ್ ಹೇಳಿದರು, ನುಂಗಿದರೆ ಎದೆಗೆ ಏನೂ ಸಿಗುವುದಿಲ್ಲ. ಪಫ್ ಆದರೆ ಅದಕ್ಕೆ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಡಬ್ಬಿ ಕೇಳಿ ತಗೊಳ್ಳಿ, 350 ರೂಪಾಯಿ ಕೊಟ್ಟೆ. ಅದಿಲ್ಲದೆ ಬಹಳಷ್ಟು ಔಷಧ ಗಂಟಲಿಗೇ ಬಡಿಯುತ್ತದೆ. ನಿಮ್ಮ ಇನ್ಹೇಲರಿನಲ್ಲಿ ಸ್ಟಿರಾಯ್ಡ್ ಇದ್ದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಿಯಲ್ಲಿ ಬಿಳಿ ಹುಣ್ಣು ಬರಬಹುದು.

ತಿಂಗಳಿಗೆ ಔಷಧಕ್ಕೆ ನನಗೆ 600 ರೂಪಾಯಿ ಆಸುಪಾಸು. ಜನೌಷಧಿ ಅಂಗಡಿಯಲ್ಲಿ ಪಫ್ ಕಡಿಮೆಗೆ ಸಿಕ್ಕಿತು, ಔಷಧದ ಹೆಸರು ಬರೆದುಕೊಂಡು ಹೋಗಿ ಕೇಳಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಿ ಅಂದಿದ್ದಾರೆ. ನ್ಯುಮೋನಿಯಾದ್ದು ಕೆಲವು ಸಾವಿರ ಆಗುತ್ತದೆ. ಫ್ಲೂ ಲಸಿಕೆ ಹಾಕಿಸಿದ್ದೇನೆ, ಇನ್ನೊಂದಕ್ಕೆ ದುಡ್ಡು ಹೊಂದಿಸುತ್ತಿದ್ದೇನೆ. ದಿನಾ ಅರ್ಧ ತಾಸು ನಡೆಯಲೇಬೇಕು. ದಮ್ಮು ಹತ್ತುತ್ತೆ ಅಂತ ಕೂತರೆ ಕಾಲಿನ ಶಕ್ತಿ ಹೋಗಿ ದಮ್ಮು ಇನ್ನೂ ಜಾಸ್ತಿ ಆಗುತ್ತದೆ ಅಂತ ಎಚ್ಚರಿಸಿದ್ದಾರೆ.

ಎಲ್ಲಕ್ಕಿಂತ ಕಷ್ಟದ್ದು ಒಲೆ. ಹೊಗೆ ಬಿಡದೆ ಔಷಧ ಎಳೆದರೆ ಏನು ಪ್ರಯೋಜನ? ಗ್ಯಾಸಿಗೆ ಬದಲಾದರೆ ರುಚಿ ಹೋಗುತ್ತೆ, ಗಿರಾಕಿ ಹೋಗ್ತಾರೆ ಅಂತ ತಮ್ಮ ಬೇಡ ಅಂದ. ಮನೆಯಲ್ಲಿ ದೊಡ್ಡ ಮಾತೇ ಆಯಿತು. ಕೊನೆಗೆ ಒಲೆಯ ಮೇಲೆ ತಗಡಿನ ಗೂಡು ಮಾಡಿಸಿ, ಚಿಮಣಿಯನ್ನು ಮಾಡಿನ ಮೇಲಕ್ಕೆ ಎತ್ತಿಸಿ, ಎದುರು ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಪಲ್ಯ, ನೀರು, ಕಾಫಿ ಎಲ್ಲ ಗ್ಯಾಸಿಗೆ ಹೋಯಿತು. ದೋಸೆಗೆ ಮಾತ್ರ ಕಟ್ಟಿಗೆ, ಅದೂ ಚೆನ್ನಾಗಿ ಒಣಗಿದ್ದು. ನಾನು ಗಲ್ಲಾಪೆಟ್ಟಿಗೆಗೆ ಬಂದು ಕೂತೆ.

ಆದರೆ ನನ್ನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ನಾನು ಆರಾಮಾಗಿ ಕೂರುವುದು ನ್ಯಾಯ ಅನಿಸಲಿಲ್ಲ. ಹಂಚಿನ ಮುಂದೆ ಇಬ್ಬರು ಸರದಿ ಮೇಲೆ ನಿಲ್ಲುವ ಹಾಗೆ ಮಾಡಿದ್ದೇವೆ. ನಮ್ಮಲ್ಲಿ ಹತ್ತು ವರ್ಷದಿಂದ ಇರುವ ಹುಡುಗನಿಗೂ, ಪಾತ್ರೆ ತೊಳೆಯುವ ಅಕ್ಕನಿಗೂ ಊದುವ ಪರೀಕ್ಷೆ ಮಾಡಿಸಿದೆ. ಹುಡುಗನದು ಸರಿ ಇದೆ. ಅಕ್ಕ ಹೋಟೆಲಿನಲ್ಲಿ ಒಲೆ ಹತ್ತಿರವೂ ಬರುವವರಲ್ಲ, ಅವರದ್ದೇ 0.66 ಬಂತು. ಮನೆಯಲ್ಲಿ ಕಿಟಕಿ ಇಲ್ಲದ ಅಡುಗೆ ಕೋಣೆ, ಚಿಕ್ಕಂದಿನಿಂದ ಕುಳ್ಳಿನ ಒಲೆ. ಗ್ಯಾಸು ಇದೆ, ಸಿಲಿಂಡರ್ ಖಾಲಿ ಆದರೆ ತುಂಬಿಸೋಕೆ ದುಡ್ಡಿಲ್ಲ ಅಂತ ಮತ್ತೆ ಅದೇ ಒಲೆ. ಅವರ ಸಿಲಿಂಡರಿನ ದುಡ್ಡು ಇನ್ನು ಹೋಟೆಲಿನ ಲೆಕ್ಕಕ್ಕೆ ಅಂತ ಹೇಳಿದ್ದೇನೆ.

ನಿಮ್ಮಲ್ಲಿ ಯಾರಿಗಾದರೂ ಕಫದಲ್ಲಿ ರಕ್ತ ಕಂಡರೆ, ಸುಮ್ಮಸುಮ್ಮನೆ ತೂಕ ಇಳಿದರೆ, ಕಾಲಿಗೆ ಬಾವು ಬಂದರೆ ದಿನ ತಳ್ಳಬೇಡಿ, ಕೂಡಲೇ ತೋರಿಸಿ. ತುಟಿ, ಉಗುರು ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು ಇದ್ದರೆ, ಮಂಪರು ಬಂದರೆ 108ಕ್ಕೆ ಫೋನ್ ಮಾಡಿ. ಉಳಿದವರು ಹೋಗುವಾಗ ಹಳೇ ಎಕ್ಸ್-ರೇ, ತಗೊಂಡ ಔಷಧಗಳ ಚೀಟಿ, ಈಗ ಬಳಸುವ ಇನ್ಹೇಲರ್ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಊದುವ ಪರೀಕ್ಷೆಯ ರಿಪೋರ್ಟನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಆ ಕಾಗದದ ಅಕ್ಷರ ಕೆಲವು ಕಡೆ ಬೇಗ ಅಳಿಸಿಹೋಗುತ್ತದೆ. ಮುಂದಿನ ವರ್ಷದ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಬೇಕಾಗುತ್ತದೆ. ನನಗೆ ಮತ್ತೆ ಊದೋಕೆ ಬರುವ ಶ್ರಾವಣಕ್ಕೆ ದಿನ ಕೊಟ್ಟಿದ್ದಾರೆ. ಅಕ್ಕನನ್ನೂ ಅವತ್ತೇ ಕರೆದುಕೊಂಡು ಹೋಗುತ್ತೇನೆ.